ತೊಟ್ಟಿನ ಲೆಕ್ಕ

ಬನ್ನಿ, ಕೂತ್ಕೊಳ್ಳಿ, ಬ್ಯಾಂಕಿನಮ್ಮ. ಆ ಕುರ್ಚಿ ಬೇಡ,
ಅದರ ಕಾಲು ಕುಂಟು; ಗುಲೀಕೋ ಒಬ್ಬಳ ಮಾತೇ ಅದು ಕೇಳುವುದು.
ಎರಡನೇ ಅಂಗಡಿಗೆ ಸಾಲ ಕೇಳಿದ್ದೇನೆ, ನಿಜ.
ನಿಮ್ಮ ಅರ್ಜಿಯ ಏಳನೇ ಕಲಮಿನಲ್ಲಿ
'ನಾಯಕತ್ವದ ಅನುಭವ' ಅಂತ ಒಂದು ಚೌಕ ಇದೆ,
ಬೆರಳುದ್ದ.
ಅದರಲ್ಲಿ ಏನು ಹಿಡಿಸಲಿ?

ಕುತಾಯಿಸಿಯ ಬಸ್ ನಿಲ್ದಾಣದ ಹಿಂದೆ,
ಹಳೇ ಟೈರು ಮಾರುವವನ ಪಕ್ಕ, ಆರು ಮೇಜು.
ಗಂಡನ ಟ್ರ್ಯಾಕ್ಟರ್ ಮಾರಿದ್ದಕ್ಕೆ ಒಂದು ಹಂಡೆ ಬಂತು,
ಗೊರಕೆ ಹೊಡೆಯುವ ಒಂದು ಫ್ರಿಜ್ಜು ಬಂತು.
ಮಾಡುವುದು ಒಂದೇ ತಿನಿಸು, ಹಿಂಕಾಲಿ.
ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಮಾಂಸ, ಈರುಳ್ಳಿ, ಕರಿಮೆಣಸು;
ಹತ್ತೊಂಬತ್ತು ನೆರಿಗೆ ಹಿಡಿದು
ತುದಿಗೊಂದು ತೊಟ್ಟು ತಿರುವಬೇಕು.
ತೊಟ್ಟು ಹಿಡಿದೆತ್ತಿ, ಕಚ್ಚಿ, ಮೊದಲು ರಸ ಹೀರಿ,
ಆಮೇಲೆ ತಿನ್ನಿ.
ತೊಟ್ಟನ್ನು ಮಾತ್ರ ಯಾರೂ ತಿನ್ನುವುದಿಲ್ಲ;
ಗಟ್ಟಿ ಹಿಟ್ಟು, ಅರೆಬೆಂದದ್ದು, ತಟ್ಟೆಯಂಚಿಗೆ ಬಿಡುವುದು.
ಬೇಸೋ ತಟ್ಟೆಯನ್ನು ಗಲ್ಲಾಪೆಟ್ಟಿಗೆಗೆ ತರುತ್ತಿದ್ದ,
ನಾನು ಎಣಿಸುತ್ತಿದ್ದೆ: ಎಷ್ಟು ತೊಟ್ಟೋ ಅಷ್ಟು ದುಡ್ಡು.
ಚೀಟಿಯಿಲ್ಲ, ಯಂತ್ರವಿಲ್ಲ.
ಎಂಜಲೇ ನನ್ನ ಖಾತೆ ಪುಸ್ತಕ.

ಮೂರನೇ ಚಳಿಗಾಲ ಲೆಕ್ಕ ತಪ್ಪತೊಡಗಿತು.
ಹಂಡೆಗಿಳಿದದ್ದು ಇನ್ನೂರ ಹತ್ತು, ತಟ್ಟೆಯಲ್ಲಿ ಇನ್ನೂರು.
ಮರುದಿನ ಹದಿಮೂರು ಕಡಿಮೆ.
ಒಡೆದದ್ದು, ಬಿದ್ದದ್ದು ಬಿಟ್ಟೇ ಹೇಳುತ್ತಿದ್ದೇನೆ.
ಗಿರಾಕಿಗಳ ಕಿಸೆ ದಿಟ್ಟಿಸಿದೆ. ಬೀದಿಯ ಬೆಕ್ಕಿಗೆ ಶಾಪ ಹಾಕಿದೆ.
ಕೊನೆಗೆ ಬೇಸೋನ ಸಂಬಳದಲ್ಲಿ ಮುರಿದುಕೊಂಡೆ, ಎರಡು ವಾರ.
ಹದಿನೇಳರ ಹುಡುಗ. ಏನೂ ಅನ್ನಲಿಲ್ಲ,
ಕಿವಿ ಕೆಂಪಗಾಯಿತು ಅಷ್ಟೆ.
ಅದನ್ನೇ ನಾನು ತಪ್ಪೊಪ್ಪಿಗೆ ಅಂದುಕೊಂಡೆ.
ಪೆನ್ನು ಯಾಕೆ ನಿಲ್ಲಿಸಿದಿರಿ? ಇದನ್ನೂ ಬರೆದುಕೊಳ್ಳಿ.

ಒಂದು ರಾತ್ರಿ ಉಪ್ಪಿನ ಡಬ್ಬಿಗೆಂದು ಒಳಗೆ ಹೋದರೆ
ನನಗೆ ಬೆನ್ನು ಮಾಡಿ ನಿಂತಿದ್ದಾನೆ,
ಎಣಿಕೆಗೆ ಬರಬೇಕಿದ್ದ ತಟ್ಟೆ ಒಂದು ಕೈಯಲ್ಲಿ;
ಯಾರೋ ಕಚ್ಚಿ ಬಿಟ್ಟ ತೊಟ್ಟುಗಳನ್ನು
ಬಿಸಿನೀರಿಗೆ ಅದ್ದಿ ಅದ್ದಿ ತಿನ್ನುತ್ತಿದ್ದಾನೆ.
ಬೆಳಗಿನ ಹತ್ತರಿಂದ ಅನ್ನದ ಮನೆಯೊಳಗೇ ನಿಂತವನು.

ನಾನು ಸದ್ದಿಲ್ಲದೆ ಹಿಂದೆ ಸರಿದೆ.
ಆ ರಾತ್ರಿಯ ಹಂಡೆ ಉಪ್ಪಿಲ್ಲದೆ ಕುದಿಯಿತು.
ಮೂರು ಮೇಜಿನವರು ಸಪ್ಪೆ ಅಂದರು.
ಹೌದು, ಸಪ್ಪೆ, ಅಂದೆ.

ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅನ್ನುತ್ತಾರಲ್ಲ,
ತಟ್ಟೆ ತೊಳೆದವನು ಆ ಗಾದೆಯ ಯಾವ ಮೂಲೆಯಲ್ಲಿದ್ದಾನೆ?

ಮರುದಿನ ನಾಲ್ಕು ಗಂಟೆಗೆ ಬಾಗಿಲಿಗೆ ಅಗಳಿ ಹಾಕಿದೆ.
ಹೊರಗೆ ವ್ಯಾನಿನ ಚಾಲಕರು ಬಡಿದರು. ಬಡಿಯಲಿ.
ಐದು ಜನ, ಒಂದು ಮೇಜು,
ಮಡಕೆಯಲ್ಲಿ ಬೇಯಿಸಿದ ಹುರುಳಿಕಾಳು, ಮೆಕ್ಕೆಜೋಳದ ರೊಟ್ಟಿ,
ಉಪ್ಪಲ್ಲಿ ನೆನೆದ ಹೂಗೊಂಚಲು.
ಬೇಸೋಗೆ ಮೊದಲು ಬಡಿಸಿದೆ,
ಮುರಿದುಕೊಂಡ ದುಡ್ಡನ್ನು ತಟ್ಟೆಯ ಕೆಳಗಿಟ್ಟೆ.
ಕ್ಷಮಿಸು ಅನ್ನುವ ಮಾತು ಗಂಟಲಲ್ಲೇ ಕೂತಿತ್ತು,
ತೊಟ್ಟಿನ ಹಾಗೆ, ಅರೆಬೆಂದು.

ಅವನು ಉಂಡ. ದುಡ್ಡು ಎಣಿಸದೆ ಕಿಸೆಗೆ ಹಾಕಿದ.
ಈಸ್ಟರ್ ಕಳೆದ ಮೇಲೆ ಬಾಟುಮಿಯ ದೊಡ್ಡ ಹೋಟೆಲಿಗೆ ಹೋದ, ಹೇಳದೆ.
ನಿಮ್ಮ ತರಬೇತಿಯ ಕತೆಗಳಲ್ಲಾದರೆ
ಅವನು ಮ್ಯಾನೇಜರಾಗಿ ತಿರುಗಿ ಬರುತ್ತಾನೇನೋ.
ಬರಲಿಲ್ಲ.
ನಾಲ್ಕರ ಅಗಳಿ ಉಳಿಯಿತು, ಹನ್ನೊಂದು ವರ್ಷ.

ಆ ಮುಕ್ಕಾಲು ಗಂಟೆಗೇ ನೀವು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದು,
'ಆದಾಯವಿಲ್ಲದ ಸಮಯ' ಅಂತ.
ಹೊಸ ಅಂಗಡಿಯಲ್ಲೂ ಅದು ಇರುತ್ತದೆ.
ಬೇಕಾದರೆ ಸಾಲದಲ್ಲಿ ಅಷ್ಟು ಕಡಿಮೆ ಮಾಡಿ,
ಒಂದು ಮೇಜು ಬಿಟ್ಟುಕೊಡುತ್ತೇನೆ.

ಗಡಿಯಾರ ನೋಡಿ, ಹತ್ತು ನಿಮಿಷ ಬಾಕಿ. ಕೈ ತೊಳೆದು ಬನ್ನಿ.
ಏನು, ಊಟ ಆಯಿತೇ? ಸುಳ್ಳು.
ಬೆಳಗಿನಿಂದ ಇದು ಐದನೇ ಅಂಗಡಿ ಅಂದಿರಲ್ಲ ಆಗಲೇ.
ಗುಲೀಕೋ, ಇನ್ನೊಂದು ತಟ್ಟೆ ಇಡು.
ಅದಲ್ಲ ಮಾರಾಯ್ತಿ, ಅಂಚು ಒಡೆಯದ್ದು.