ಮುಕ್ಕಾಲು ತಾಸು

ಲಕ್ಷ್ಮೇಶ್ವರದಾಗ ನಳ ಬರೂದು
ಒಂಬತ್ತು ದಿನಕ್ಕೊಮ್ಮೆ, ಒಮ್ಮೊಮ್ಮೆ ಹನ್ನೊಂದು.
ಹೊಳಿ ಕಡೆ ಮೋಟರ್ ಸುಟ್ಟರ ಲೆಕ್ಕಾನ ಇಲ್ಲ.
ಹಂಗಾಗಿ ನಮ್ಮ ಓಣ್ಯಾಗ ಯಾರೂ
ಸೋಮವಾರ ಮಂಗಳವಾರ ಅನ್ನಂಗಿಲ್ಲ,
'ನೀರು ಬಂದು ನಾಕು ದಿನ ಆತು' ಅಂತಾರ,
ಬಾಣಂತಿ ದಿನಾನೂ ಹಂಗ ಎಣಸ್ತಾರ.

ನಾನು ಇಲ್ಲಿ ಮೆಂಬರ.
ಕಾಗದದ ಮ್ಯಾಲೆ ಫಕ್ಕೀರವ್ವ ಬಾಲೇಹೊಸೂರ,
ಓಣ್ಯಾಗ ರೊಟ್ಟಿ ಫಕ್ಕೀರವ್ವ.
ಸೀಟು ಹೆಣ್ಮಕ್ಕಳಿಗೆ ಬಂದ ವರ್ಷ
ನಿಂದ್ರು ಅಂದ್ರು, ನಿಂತೆ.
ಹದಿನೇಳು ಓಟಿನಾಗ ಗೆದ್ದೆ.
ಆ ಹದಿನೇಳು ಮಂದಿ ಯಾರಂತ
ಇವತ್ತಿಗೂ ಹುಡುಕ್ತೀನಿ,
ನಳದ ಮುಂದ ಸಿಕ್ಕವರೆಲ್ಲಾ
'ಅದರಾಗ ನಾನೂ ಒಬ್ಬಾಕಿ' ಅಂತಾರ.

ಮೊನ್ನಿ ಸಭಾದಾಗ ವಿಷಯ ನಂಬರ ಹದಿನಾರು:
ನೀರು ಸರಬರಾಜು, ಚರ್ಚೆ.
ಹದಿನೈದನೇದ್ದು ಹೊಸ ಕುರ್ಚಿ ಖರೀದಿ.
ಅದಕ್ಕ ಎರಡು ತಾಸು ಹಿಡೀತು,
ಗಾಲಿ ಇದ್ದದ್ದೋ, ಗಾಲಿ ಇಲ್ಲದ್ದೋ.
ನೀರಿನ ಪಾಳಿ ಬರೋದ್ರಾಗ
ಚಹಾ ಆರಿತ್ತು, ಅರ್ಧ ಮಂದಿ ಎದ್ದಿದ್ರು.

ಮೈಕು ಕೊಡಲಿಲ್ಲ. ನನಗ ಬ್ಯಾಡಾಗಿತ್ತು.
'ಕೆರಿ ದಂಡಿ ಓಣಿಗೆ ಅರ್ಧ ತಾಸೂ ಬರಂಗಿಲ್ಲ,
ನಳದಾಗ ಬರೇ ಗಾಳಿ ಸೀಟಿ ಹೊಡೀತೈತಿ.
ಒಂದ ಟಾಕಿ, ಒಂದ ಪೈಪು.
ನಡುವ ಯಾರು ಕುಡ್ಯಾಕತ್ತಾರ ನಮ್ಮ ನೀರು?
ಹೆಸರು ಬೇಕು ನನಗ, ಹೆಸರು!'
ಟೇಬಲ್ ಬಡದೆ. ಬಳಿ ಒಂದು ಒಡೀತು.
ಮುಖ್ಯಾಧಿಕಾರಿಗಳು ಬರಸಿದ್ರು:
'ಮಾನ್ಯ ಸದಸ್ಯರು ಗಮನ ಸೆಳೆದರು.
ಪರಿಶೀಲಿಸಲು ಸರ್ವಾನುಮತದಿಂದ ಠರಾಯಿಸಲಾಯಿತು.'
ಮರುದಿನ ಪೇಪರಿನಾಗ ಒಂದೂವರೆ ಇಂಚು ಬಂದೆ.
ಫೋಟೋದಾಗ ಬಾಯಿ ತೆರೆದಿತ್ತು.

ಪರಿಶೀಲನೆ ನಾನ ಮಾಡಿದೆ.
ನೀರು ಬಿಡೋ ರಾತ್ರಿ, ಎರಡೂವರಿಗೆ,
ದಾವಲಸಾಬನ ಸೈಕಲ್ ಹಿಂದ ನಡದೆ.
ಎದಿಮಟ ಬರೋ ಕಬ್ಬಿಣದ ಚಾವಿ ಅವನದು,
ಹಿಡಿಕಿಗೆ ಹಳೇ ಟ್ಯೂಬು ಸುತ್ತ್ಯಾನ.
ಇಪ್ಪತ್ತೆರಡು ವರ್ಷದಿಂದ ದಿನಗೂಲಿ.
ಊರಿನ ಪೈಪಿನ ನಕಾಶಿ ಆಫೀಸಿನಾಗಿಲ್ಲ,
ಅವನ ಮೊಣಕಾಲಿನಾಗೈತಿ.
ತಗ್ಗಿನಾಗ ಬಗ್ಗಿ ಕಿವಿ ಕೊಟ್ಟು
'ಈಗ ಅಗಸಿ ದಾಟಿತ್ರಿ' ಅಂತಾನ.

ಕೆರಿ ದಂಡಿಗೆ ಎಷ್ಟು ಬಿಡ್ತಿ?
'ಅರ್ಧ ತಾಸ್ರಿ.'
ಮತ್ತ ಈ ಬನ್ನಿಗಿಡದ ಓಣಿಗೆ?
ಅವ ಕಿಸೆದಾಗ ಬೀಡಿ ಹುಡುಕಿದ. ಸಿಗಲಿಲ್ಲ.
'ಇದಕ್ಕ ಮುಕ್ಕಾಲು ತಾಸು ಹೆಚ್ಚಿಗಿರಿ ಅಕ್ಕಾರ.
ನೀವು ಆರಿಸಿ ಬಂದ ದಿನದಿಂದ.'
ಯಾರು ಹೇಳಿದ್ರು ನಿನಗ?
'ಯಾರೂ ಹೇಳಿಲ್ಲ. ಹೇಳೂದು ಏನೈತಿ ಇದರಾಗ?
ಮೊದಲಿನ ಮೆಂಬರಂದೂ ಹಂಗ ಇತ್ತು.
ಅವರದು ಇಳಿಸಿದೆ, ನಿಮ್ಮದು ಏರಿಸಿದೆ.'

ಬನ್ನಿಗಿಡದ ಓಣ್ಯಾಗ ನನ್ನ ಮನಿ.

ಹದಿನಾಲ್ಕು ತಿಂಗಳು.
ನಮ್ಮ ಹೌದು ತುಂಬಿ ಚೆಲ್ಲಿದ ನೀರಿಗೆ
ಹಿತ್ತಲ ಕರಿಬೇವು ಮಾಳಿಗಿಮಟ ಬೆಳದಿತ್ತು.
'ನಿನ್ನ ಕಾಲಗುಣ ಯವ್ವಾ, ನಳ ಚಲೋ ಆತು'
ಅಂದಿದ್ಲು ಎದುರಮನಿ ಹೊಳಲಮ್ಮ,
ನಾನು ನಕ್ಕು ಒಂದು ಕಟ್ಟು ರೊಟ್ಟಿ ಕೊಟ್ಟಿದ್ದೆ.

ಚಾವಿ ಇನ್ನೂ ವಾಲ್ವಿನ್ಯಾಗ ಇತ್ತು.
'ಅರ್ಧ ತಾಸು ಆತ್ರಿ. ಬಂದ್ ಮಾಡ್ಲೇನು?'
ಮುಂಜಾನೆ ಗದಗಿನ ಲಗ್ನಕ್ಕ ಐನೂರು ರೊಟ್ಟಿ ಕೊಡೂದಿತ್ತು.
ಹೊಳಲಮ್ಮನ ಮಗಳು ಬಾಣಂತಿ.
ಆ ಕಡೆ ಕೆರಿ ದಂಡ್ಯಾಗ ಕೊಡ ಪಾಳಿ ಹಚ್ಚಿ
ಕಟ್ಟಿ ಮ್ಯಾಲೆ ಮಂದಿ ಮಲಗಿದ್ರು,
ಹದಿನೇಳರಾಗ ಅಲ್ಲಿ ಎಷ್ಟೋ.

'ಮಾಡು' ಅಂದೆ.
ಆಮ್ಯಾಲೆ, ಇದು ಠರಾವಿನ್ಯಾಗ ಬರಂಗಿಲ್ಲ,
'ಹತ್ತು ನಿಮಿಷ ತಡಿ' ಅಂದೆ.
ಸೆರಗು ಸಿಗಸಿಕೊಂಡು ಮನಿಗೆ ಓಡಿದೆ.
ತಾಮ್ರದ ಹಂಡೆ, ಎರಡು ಕೊಡ,
ಹಿಟ್ಟು ನಾದೂ ಪರಾತನೂ ಬಿಡಲಿಲ್ಲ.
ದೂರದಾಗ ಕಬ್ಬಿಣ ಕಿರ್ ಅಂತು.
ನಳ ಕೆಮ್ಮಿ, ಸಣ್ಣಾಗಿ, ನಿಂತ ಬಿಡ್ತು.

ಬೆಳಗಾಗೂದ್ರಾಗ ಹೊಳಲಮ್ಮ ಖಾಲಿ ಕೊಡ ಹಿಡದು ಬಂದ್ಲು.
'ಯಾವ ಮೆಂಬರ ಕುಡದಾನೋ ನಮ್ಮ ನೀರು?'
ಹಂಡೇದ ಮುಚ್ಚಳ ತಗದು
ಆಕಿ ಕೊಡಕ್ಕ ಕಂಠಮಟ ಸುರುವಿದೆ.
ಬಾಯಿ ತೆರೀಲಿಲ್ಲ.