ನಲವತ್ತೊಂದು ಕಾಳು

ಟ್ರೂಕೋ ಇಸ್ಪೀಟಾಟದಲ್ಲಿ ಗೆಲುವಿನ ಲೆಕ್ಕಕ್ಕೆಂದು
ಇಟ್ಟಿರುತ್ತಾರಲ್ಲ, ಬಿಳಿ ಬೀನ್ಸಿನ ಕಾಳು,
ಅದರ ಡಬ್ಬಿ ಮಡಿಲಲ್ಲಿಟ್ಟುಕೊಂಡು ಅಜ್ಜ ಕೂತಿದ್ದ
ನಾನೂ ಯಾನಿನಾಳೂ ಹರಟೆಗೆ ಕೂತ ಆ ಸಂಜೆ.
‘ಬೊಲೂದಾ’ ಅಂದಾಗೊಮ್ಮೆ
ಎನಾಮೆಲ್ ತಟ್ಟೆಗೆ ಒಂದು ಕಾಳು, ಟಣ್.

ಬೊಲೂದಾ, ಕೇಳಿಲ್ಲಿ, ಬಸ್ಸು ತಪ್ಪಿತು ಬೊಲೂದಾ,
ಅವನೂ ಅಲ್ಲೇ ನಿಂತಿದ್ದ, ಬೊಲೂದಾ, ಛತ್ರಿಯಿಲ್ಲದೆ.
ಟಣ್ ಟಣ್. ಟಣ್.
ಮಾತೆಯ ಬುರುಡೆಯಲ್ಲಿ ನೀರು ಆರುವಷ್ಟರಲ್ಲಿ ನಲವತ್ತೊಂದು.

‘ಇಷ್ಟು ಸಲ ಬೈಸಿಕೊಂಡೂ ಹಲ್ಲು ಕಿರಿಯುತ್ತಾಳಲ್ಲ,
ಆ ಹುಡುಗಿಗೆ ಮಾನವಿಲ್ಲವೆ?’
ಬೈಗುಳವಲ್ಲ ಅಜ್ಜ, ಅಲ್ಪವಿರಾಮ,
ಮಾತಿನ ನಡುವೆ ತೋಳಿಗೆ ತೋಳು ತಾಗಿಸಿದ ಹಾಗೆ.
ಅಜ್ಜ ತುಟಿಯೆತ್ತಿ ಮೇಲಿನ ಸಾಲಿನ
ಖಾಲಿ ಸಂದಿಗೆ ಬೆರಳಿಟ್ಟು ತೋರಿಸಿದ:
‘ಅಲ್ಪವಿರಾಮ ಅಂದರೆ ಇದು.’

ಬರ್ರಾಕಾಸಿನ ಸೇತುವೆ, ಅರವತ್ತೊಂದನೇ ಇಸವಿ.
ಕಲ್ಲಿದ್ದಲ ಗಾಡಿಯವನೊಬ್ಬ ಅದೇ ಮಾತು ಎಸೆದನಂತೆ.
ಅಜ್ಜ ಮೂವತ್ತು ಪ್ರಯಾಣಿಕರ ಬಸ್ಸನ್ನು ಅಡ್ಡ ನಿಲ್ಲಿಸಿ
ಕೋಟು ಕಳಚಿ, ಮಡಿಸಿ,
ಸೀಟಿನ ಮೇಲಿಟ್ಟು ಇಳಿದನಂತೆ.
ಕೋಟು ಮಡಿಸಿದ್ದನ್ನು ಪ್ರತಿ ಸಲವೂ ಹೇಳುತ್ತಾನೆ,
ಹೊಡೆತ ತಿಂದದ್ದನ್ನು ಮಾತ್ರ ನಾವು ಕೇಳಬೇಕು.

‘ಅದರ ಅರ್ಥ ಗೊತ್ತೇನೆ ನಿಮಗೆ?
ಕಾಲ ನಡುವಿನ ಎರಡು ಗುಂಡು ಭಾರವಾಗಿ
ಹೆಜ್ಜೆ ಕಿತ್ತಿಡಲಾಗದ ಪೆದ್ದ.
ನಿಮಗೆಲ್ಲಿಂದ ಬಂತು ಅದು, ಹುಡುಗಿಯರಿಗೆ?’
ಅಡುಗೆಮನೆಯಲ್ಲಿ ಏನೋ ಕೈಜಾರಿ ಬಿತ್ತು.
ಅಜ್ಜಿ ನಗುತ್ತಿದ್ದಳು, ಏಪ್ರನ್ನಿಗೆ ಬಾಯೊತ್ತಿ.

ಮಲಗುವ ಹೊತ್ತಿಗೆ ನನ್ನೊಬ್ಬಳಿಗೇ ಹೇಳಿದಳು:
ಬಿಸ್ಕತ್ತು ಕಾರ್ಖಾನೆಯಲ್ಲಿ ಡಬ್ಬಿ ತುಂಬುತ್ತಿದ್ದ ನಮಗೆ
ಆ ಮಾತು ಗಂಡಸರ ಕಕ್ಕಸಿನ ಹಾಗೆ,
ಎಲ್ಲಿದೆ ಅಂತ ಗೊತ್ತು, ಒಳಗೆ ಹೋದವರಿಲ್ಲ.
ನಮ್ಮದೇ ಬೇರೆ ಇದ್ದವು.
‘ಸಂತಳು’ ಅಂದರೆ ಮೇಸ್ತ್ರಿಯ ಜೊತೆ ಮಲಗಿದವಳು.
ಗಂಡಸರೆದುರೇ ಅನ್ನುತ್ತಿದ್ದೆವು,
‘ಅಯ್ಯೋ ಆ ಐರ್ಮಾ, ದೊಡ್ಡ ಸಂತಳು!’
ಅವರು ಟೋಪಿ ತೆಗೆದು ಎದೆಗೆ ಶಿಲುಬೆ ಬರೆದುಕೊಳ್ಳುತ್ತಿದ್ದರು.
ಆಮೇಲೆ ಕಾರ್ಖಾನೆ ಮುಚ್ಚಿತು. ಆ ಸಂತಳು
ಈಗ ಎಲ್ಲಿಯೂ ಇಲ್ಲ. ನನ್ನ ಬಾಯಲ್ಲೊಂದು,
ಐರ್ಮಾಳ ಬಾಯಲ್ಲೊಂದು, ಅವಳು ಬದುಕಿದ್ದರೆ.

ನನಗೂ ವಯಸ್ಸಾಗುತ್ತಿದೆ, ಮೂವತ್ತು ತುಂಬುವ ಮೊದಲೇ.
ತಂಗಿ ಮೊರೇನಾ, ಹನ್ನೊಂದು ವರ್ಷದವಳು,
ಗೆಳತಿಯರನ್ನೂ ಅಮ್ಮನನ್ನೂ
ಮೂರು ಮರಿ ಹಾಕಿದ ನಾಯಿಯನ್ನೂ
‘ಬ್ರೋ’ ಅನ್ನುತ್ತಾಳೆ.
ಬೊಲೂದಾ ಅನ್ನುವುದು, ಅವಳ ಪ್ರಕಾರ, ಟೀಚರುಗಳು.

ಆಗಸ್ಟಿನಲ್ಲಿ ಅಜ್ಜ ಹೋದ.
ಚಕರೀತಾದ ಸ್ಮಶಾನದ ಪಕ್ಕದ ಚಳಿಗೋಣೆಯಲ್ಲಿ
ಅಜ್ಜಿ ಅವನ ಕಾಲರು ಸರಿಮಾಡಿದಳು,
ಟೈ ಬಿಚ್ಚಿ ಮತ್ತೆ ಕಟ್ಟಿದಳು,
ಯಾರಿಗೂ ಕೇಳದ ಹಾಗೆ, ಅಂದರೆ ನನಗೆ ಕೇಳುವ ಹಾಗೆ
‘ಬೊಲೂದೋ’ ಅಂದಳು.

ಐವತ್ತೆಂಟು ವರ್ಷದ ಸಂಸಾರದಲ್ಲಿ ಮೊದಲ ಸಲ.
ಯಾವುದು ಅಜ್ಜಿ, ಸೇತುವೆಯ ಮೇಲಿನದೋ, ನಮ್ಮದೋ?
ಕೇಳಬೇಕೆಂದುಕೊಂಡೆ.
ಹೊಟ್ಟೆಯ ಮೇಲೆ ಜೋಡಿಸಿಟ್ಟ ಅಜ್ಜನ ಕೈ ನೋಡಿದೆ.
ಕಾಳು ಹಾಕುವ ಬಲಗೈ ಮೇಲಿತ್ತು. ಅಲುಗಲಿಲ್ಲ.

ಡಬ್ಬಿ ಈಗ ಫ್ರಿಜ್ಜಿನ ತಲೆಯ ಮೇಲಿದೆ.
ನಿನ್ನೆ ಮೊರೇನಾ ಕುರ್ಚಿ ಹತ್ತಿ ತೆಗೆದು, ಗಲಗಲ ಅಲ್ಲಾಡಿಸಿ,
‘ಇದೇನು ಬ್ರೋ?’ ಅಂದಳು, ಅಜ್ಜಿಯನ್ನು.
ಅಜ್ಜಿ ಕನ್ನಡಕ ಸರಿಸಿ ಅವಳನ್ನು ಅಷ್ಟು ಹೊತ್ತು ನೋಡಿ
ತಟ್ಟೆ ತರಲು ಎದ್ದಳು.