ಆಗ್ನೇಯಕ್ಕೆ ಏನಿದೆ?

ಹದಿನೇಳು ವರ್ಷದಿಂದ ಡಿಶ್ ಕಟ್ಟುತ್ತಿದ್ದೇನೆ ಶಿವಮೊಗ್ಗದಲ್ಲಿ,
ಹಂಚಿನ ಮೇಲೆ, ತಾರಸಿ ಮೇಲೆ, ಒಮ್ಮೆ ಸಾಮಿಲ್ಲಿನ ಚಿಮಣಿಗೂ.
ಮನೆ ಅಂದಮೇಲೆ ಇದ್ದಲ್ಲೇ ಇರುತ್ತದೆ
ಎಂಬ ಧೈರ್ಯದ ಮೇಲೇ ನಾನು ಬೋಲ್ಟು ಬಿಗಿದದ್ದು.

ದುರ್ಗಿಗುಡಿಯ ನನ್ನಂಗಡಿ ಮುಂದೆ ಸೆವ್ರಿನಾ ಲೋಬೊ
ಹಳೇ ಆಂಬುಲೆನ್ಸು ನಿಲ್ಲಿಸಿ ಇಳಿದಾಗ
ಯಾರಿಗೇನಾಯ್ತೋ ಎಂದು ಬೀದಿಯೇ ಇಣುಕಿತು.
ಏನೂ ಆಗಿರಲಿಲ್ಲ. ನರ್ಸಮ್ಮ ರಿಟೈರಾಗಿದ್ದರು, ಗಾಡಿಯೂ.
ಹರಾಜಿನಲ್ಲಿ ತಾವೇ ಕೂಗಿ ಹಿಡಿದಿದ್ದರಂತೆ.
ಸ್ಟ್ರೆಚರಿನ ಜಾಗದಲ್ಲಿ ಹಾಸಿಗೆ, ಆಕ್ಸಿಜನ್ನಿನ ಜಾಗದಲ್ಲಿ ಗ್ಯಾಸು,
ಗ್ಲೂಕೋಸ್ ಬಾಟಲಿಯ ಕೊಕ್ಕೆಗೆ ಈರುಳ್ಳಿ ಚೀಲ.
"ಇದಕ್ಕೊಂದು ಟೀವಿ ಬೇಕು ರುದ್ರೋಜಿ.
ರಾತ್ರಿ ಪಾಳಿ ಮುಗಿದದ್ದು ನಿದ್ದೆಗಿನ್ನೂ ಗೊತ್ತಾಗಿಲ್ಲ."

ಅಳೆದೆವು, ಜಗಳಾಡಿದೆವು.
ತಾನೇ ತಿರುಗಿ ತಾನೇ ಹುಡುಕುವ ಗುಮ್ಮಟದ ಡಿಶ್ಶಿದೆ,
ಗಾಡಿಗಿಂತ ಅದೇ ದುಬಾರಿ.
ನೆತ್ತಿಗೆ ಬಿಗಿದರೆ, ಒಳಗೆ ಚಹಾಕ್ಕೆ ಎದ್ದರೂ
ಸ್ಪ್ರಿಂಗು ಕುಲುಕಿ ಚಿತ್ರ ಹಾರುತ್ತದೆ;
ದಾರಿಯಲ್ಲಿ ಹಲಸಿನ ಕೊಂಬೆ ಬೇರೆ.
ಕೊನೆಗೆ ಮೂರು ಕಾಲಿನ ಸ್ಟ್ಯಾಂಡು, ನೆಲಕ್ಕೆ.
ನಡುವಿಗೆ ನೀರಿನ ಕ್ಯಾನು ನೇತುಹಾಕಿದರೆ ಗಾಳಿಗೆ ಬೀಳದು.
ತಿಂಗಳ ದುಡ್ಡಿಲ್ಲದ ಬಿಟ್ಟಿ ಚಾನೆಲ್ಲೇ ಸಾಕೆಂದರು,
"ಪೆನ್ಶನ್ನು ಡೀಸೆಲ್ಲಿಗಿದೆ."
ಕೆಂಪು ದೀಪ ಕಿತ್ತ ತೂತು ನೆತ್ತಿಯಲ್ಲಿತ್ತು,
ಕೇಬಲ್ಲು ಅದರಲ್ಲೇ ಇಳಿಸಿ ಎಂಸೀಲ್ ಮೆತ್ತಿದೆ.

ಕಲಿಸಿದ್ದು ಇಷ್ಟೇ: ಗಾಡಿ ಎಲ್ಲಿಗೂ ಹೋಗಲಿ,
ಉಪಗ್ರಹ ಕದಲುವುದಿಲ್ಲ. ಆಗ್ನೇಯ, ಒಲೆಯ ಮೂಲೆ.
ಬೆಳಗಿನ ಹತ್ತೂವರೆಯ ಸೂರ್ಯನಷ್ಟು ಎತ್ತರ.
ಆಮೇಲೆ ಕೂದಲೆಳೆಯಷ್ಟು ಎಡ, ಕೂದಲೆಳೆಯಷ್ಟು ಬಲ.
"ನಾಡಿ ಹುಡುಕಿದ ಹಾಗೆ," ಅಂದರು.
ಇನ್ನು ನಾನು ಹೇಳುವುದೇನೂ ಉಳಿದಿಲ್ಲ ಅಂದುಕೊಂಡೆ.

ಮೂರನೇ ದಿನವೇ ಫೋನು.
"ಹೊಸನಗರ ದಾಟಿದೀನಿ, ಬರೀ ನೀಲಿ ಪರದೆ."
ಆಗ್ನೇಯಕ್ಕೆ ಏನಿದೆ ಅಮ್ಮ?
"ಧೂಪದ ಮರ. ನಾನೂರು ವರ್ಷದ್ದಂತೆ, ಗಾರ್ಡ್ ಹೇಳ್ತಿದ್ದ."
ಹಾಗಾದರೆ ನೀವೇ ಸರೀಬೇಕು.

ನಗರದಲ್ಲಿ ಕೋಟೆಯ ಗೋಡೆ.
ಕೋಣಂದೂರಿನ ಹತ್ತಿರ ಹುಲ್ಲಿನ ಲಾರಿ,
ಈಗ ಹೋಗುತ್ತೆ, ಈಗ ಹೋಗುತ್ತೆ ಅಂತ ಒಂಬತ್ತರವರೆಗೆ ಕಾದರು;
ಡ್ರೈವರು ಅಡಿಯಲ್ಲಿ ಚಾಪೆ ಹಾಸಿ ಮಲಗಿದ್ದ.
ಯಡೂರಿನಲ್ಲಿ ಎಮ್ಮೆ.
"ಅಡ್ಡ ನಿಂತಿಲ್ಲ ಮಾರಾಯ, ಡಿಶ್ಶಿಗೇ ಮೈ ಉಜ್ಜುತ್ತಿದೆ."
ಆಗುಂಬೆಯಿಂದ, "ಮಂಜು. ದಿಕ್ಕೇ ಇಲ್ಲ ಇವತ್ತು."
ಇನ್ನೊಂದು ಸಂಜೆ, ವಾರ್ತೆಯವನು ಮಲೆನಾಡಿಗೆ ಒಣಹವೆ ಅನ್ನುವಷ್ಟರಲ್ಲಿ
ದಪ್ಪ ಹನಿ ಬಿದ್ದು, ಅವನ ಮುಖವೇ ಚೌಕಚೌಕ ಒಡೆದುಹೋಯಿತಂತೆ.
ಅದನ್ನು ಹೇಳಿ ಎಷ್ಟು ನಕ್ಕರೆಂದರೆ
ದೂರು ಏನಿತ್ತೆಂದು ಇಬ್ಬರಿಗೂ ಮರೆಯಿತು.

ನಾನು ಈ ಜಿಲ್ಲೆ ನೋಡಿದವನಲ್ಲ, ಮಾಡು ನೋಡಿದವನು.
ಕಂಪ್ಲೇಂಟು ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯತೊಡಗಿದೆ:
ಊರು, ಅದರ ಮುಂದೆ ಅಡ್ಡ ಬಂದದ್ದು.
ಹೆಂಡತಿ ಓದಿ, ಇದೇನು ಬಾಕಿ ಲೆಕ್ಕವೋ ಅಂದಳು.

ಏಪ್ರಿಲಿನಲ್ಲೊಂದು ಮಧ್ಯಾಹ್ನ, "ಕಳಸವಳ್ಳಿ ದಡದಲ್ಲಿದೀನಿ."
ಆಗ್ನೇಯಕ್ಕೆ?
"ಹಿನ್ನೀರು. ಇಳಿದಿದೆ. ಮುಳುಗಿದ್ದ ಮರಗಳ ಬೊಡ್ಡೆ ಎದ್ದಿವೆ,
ಕಪ್ಪಗೆ, ಸಾಲಾಗಿ. ಅಡ್ಡ ಬರುವಷ್ಟು ಎತ್ತರ ಉಳಿದಿಲ್ಲ ಅವಕ್ಕೆ."
ಸಿಗ್ನಲ್ಲು?
"ಎಂಬತ್ತೆರಡು."
ಮತ್ತೇನು ತೊಂದರೆ?
"ತೊಂದರೆ ಏನಿಲ್ಲ. ನೀನು ಕೇಳ್ತೀಯಲ್ಲ ಅಂತ ಮಾಡಿದೆ."

ಫೋನಿಟ್ಟು ಬಾಗಿಲಿಗೆ ಬಂದು ನಿಂತೆ.
ನಾನೇ ಕಟ್ಟಿದ ಹನ್ನೊಂದು ಡಿಶ್ಶು ಎದುರು ತಾರಸಿಗಳಲ್ಲಿ
ನನಗೆ ಬೆನ್ನು ಹಾಕಿ ಒಂದೇ ಕಡೆ ನೋಡುತ್ತಿದ್ದವು.
ಅವುಗಳ ನಡುವೆ ಕರೀ ನೀರಿನ ಟ್ಯಾಂಕು, ಮುಚ್ಚಳವಿಲ್ಲದ್ದು.
ಬುಕ್ಕು ತೆಗೆದು ಬರೆದೆ:
ದುರ್ಗಿಗುಡಿ. ಟ್ಯಾಂಕು.